ಹಳೇ ಕೌದೀಲಿ ಒಂದು ತುಂಡು ಗಟ್ಟಿ, ಪಕ್ಕದ್ದು ಚಿಂದಿ. ಯಾಕೆ ಹಿಂಗೆ?

ನಿಟ್ಟುವಳ್ಳಿ ಸೊಸೆ (ದಾವಣಗೆರೆ)

ಎಲ್ರಿಗೂ ನಮಸ್ಕಾರ. ನಮ್ಮತ್ತೆ ತವರಿನಿಂದ ಬಂದ ಒಂದು ಕೌದಿ ಮನೇಲಿ ಐತಿ, ಅತ್ತೆಯ ತಾಯಿ ಹಳೇ ಬಟ್ಟೆ ತುಂಡು ಜೋಡಿಸಿ ಕೈಯಾರೆ ಹೊಲಿದಿದ್ದು, ವರ್ಷಾನುಗಟ್ಟಲೆ ದಿನಾ ಹಾಸಿ ಹೊದ್ದು ತೊಳೆದು ಬಳಸಿದ್ದು, ಟ್ರಂಕಿನಾಗ ಇಟ್ಟು ಕಾಪಾಡಿದ್ದಲ್ಲ. ಹಬ್ಬಕ್ಕೆ ಹಾಸಿಗೆ ತೊಳೆಯೋಕೆ ತೆಗೆದಾಗ ಒಂದೊಂದು ತುಂಡೂ ಮುಟ್ಟಿ ನೋಡ್ತಾ ಕೂತೆ, ಲೆಕ್ಕನೇ ಸಿಗವಲ್ದು.

ಇಳಕಲ್ ಸೀರೆ ಒಡಲಿನ ತುಂಡು, ಮರೂನ್ ಬಣ್ಣದ್ದು, ಬಣ್ಣ ಮಾಸಿ ಇಟ್ಟಿಗೆ ಬಣ್ಣ ಆಗೇತಿ ಆದ್ರೆ ಬಟ್ಟೆ ಗಟ್ಟಿ, ಮೊದಲಿಗಿಂತ ಮೆತ್ತಗೆ. ಅದೇ ಸೀರೆಯ ಸೆರಗು ಮಾತ್ರ ಪೂರ್ತಿ ಎಳೆ ಎಳೆ, ಅದೂ ಗೆರೆ ಹೊಡೆದಂಗೆ ನೆಟ್ಟಗೆ ಒಂದು ಕಡೆಯಿಂದ ಶುರುವಾಗಿ ಹರಿದೈತಿ. ಗುಳೇದಗುಡ್ಡದ ಖಣದ ತುಂಡಿನಾಗ ಚಿತ್ತಾರ ಉದುರಿ ಹೋಗಿ ಬರೀ ನೆಲ ಉಳಿದೈತಿ. ನಡುವೆ ಒಂದು ಟೆರಿಕಾಟ್ ಷರ್ಟಿನ ತುಂಡು, ಕೆನೆ ಬಣ್ಣದ ಮೇಲೆ ಕಂದು ಗೀರು, ಅದು ನಿನ್ನೆ ಅಂಗಡಿಯಿಂದ ತಂದಂಗೆ ಐತಿ!! ಆದ್ರೆ ಅದರ ಸುತ್ತ ಇರೋ ಪಂಚೆ ಬಟ್ಟೆ ನಾಲ್ಕೂ ಕಡೆ ಹೊಲಿಗೆ ಗುಂಟ ಪಿಸಿದು ಬಿಟ್ಟೈತಿ. ಎಲ್ಲಕ್ಕಿಂತ ಆಶ್ಚರ್ಯ ಅಂದ್ರೆ ಕರೀ ಲಂಗದ ಬಟ್ಟೆ, ಅದು ಸವೆದೇ ಇಲ್ಲ, ದಪ್ಪ ಹಂಗೇ ಐತಿ, ಆದ್ರೆ ಬೆರಳಿಂದ ಒತ್ತಿದ್ರೆ ಹಪ್ಪಳದಂಗೆ ಮುರಿತೈತಿ.

ಒಂದೇ ಕೌದಿ, ಒಂದೇ ಸೋಪು, ಒಂದೇ ಬಿಸಿಲು, ಮತ್ಯಾಕೆ ಹಿಂಗೆ? ಇನ್ನೊಂದು ವಿಷಯ, ನಮ್ಮಮ್ಮನ ಹಳೇ ಸೀರೆ, ನಮ್ಮನೆಯವರ ಜೀನ್ಸ್, ಹುಡುಗರ ಟೀ ಷರ್ಟು ಎಲ್ಲ ಗಂಟು ಕಟ್ಟಿ ಇಟ್ಟೀನಿ, ಹೊಸಾ ಕೌದಿ ಹೊಲಿಬೇಕು ಅಂತ. ಯಾವುದನ್ನ ಎಲ್ಲಿ ಹಾಕಬೇಕು ತಿಳಿದೋರು ಹೇಳ್ರಿ. ಯೂಟ್ಯೂಬ್ ತುಂಬಾ ಡಿಸೈನ್ ಬಗ್ಗೆನೇ ಹೇಳ್ತಾರೆ, ಬಾಳಿಕೆ ಬಗ್ಗೆ ಒಬ್ರೂ ಬಾಯಿ ಬಿಡಲ್ಲ.

ಕೋಟೆ ಕೆಳಗಿನಾಕೆ (ಚಿತ್ರದುರ್ಗ)

ಅಕ್ಕಾರೆ, ಟೆರಿಕಾಟ್ ತುಂಡಿನ ಸುತ್ತ ಪಂಚೆ ಪಿಸಿದೈತೆ ಅಂದ್ರಲ್ಲ, ನಿಮ್ಮ ಪ್ರಶ್ನೆಗೆ ಅರ್ಧ ಉತ್ತರ ಅಲ್ಲೇ ಐತೆ ಕಣ್ರೀ. ನಮ್ಮ ಮನೇಲಿ ಅಜ್ಜಿ, ದೊಡ್ಡಮ್ಮ ಎಲ್ರೂ ಕೌದಿ ಹೊಲಿದೋರೇ, ಅವರು ತುಂಡು ಆರಿಸೋವಾಗ ಬಣ್ಣ ಆಮೇಲೆ ನೋಡೋರು, ಮೊದಲು ಎರಡು ತುಂಡನ್ನ ಎರಡು ಕೈಲಿ ಹಿಡಿದು ಉಜ್ಜಿ, ಎಳೆದು, ಇದಕ್ಕೂ ಇದಕ್ಕೂ ಆಗಲ್ಲ ಅಂತ ಪಕ್ಕಕ್ಕೆ ಇಡೋರು. ಕೌದೀಲಿ ಬಟ್ಟೆ ತನ್ನಷ್ಟಕ್ಕೆ ತಾನು ಸವೆಯೋದು ಕಡಿಮೆ, ಪಕ್ಕದ ತುಂಡು ಅದನ್ನ ಹರಿಯೋದೇ ಜಾಸ್ತಿ. ಗಟ್ಟಿ ಬಟ್ಟೆ ಪಕ್ಕ ಮೆದು ಬಟ್ಟೆ ಹಾಕಿದ್ರೆ, ಕಾಲಲ್ಲಿ ಎಳೆದಾಗ, ಒದ್ದೆ ಕೌದಿ ಎತ್ತಿದಾಗ, ಹಿಂಡಿದಾಗ ಗಟ್ಟಿ ತುಂಡು ಜಗ್ಗಲ್ಲ, ಇಡೀ ಎಳೆತ ಮೆದುವಿನ ಮೇಲೆ ಬೀಳುತ್ತೆ, ಅದೂ ಸೂಜಿ ತೂತು ಬಿದ್ದಿರೋ ಗೆರೆ ಮೇಲೆ. ಅಲ್ಲೇ ಪಿಸಿಯುತ್ತೆ.

ಹಂಗಾಗಿ ಹಳೇದಕ್ಕೆ ಹಳೇದು, ದಪ್ಪಕ್ಕೆ ದಪ್ಪ. ಹೊಸ ಬಟ್ಟೆ ಕಟ್‌ಪೀಸ್ ತಂದು ಹಳೇ ಸೀರೆ ಪಕ್ಕ ಹೊಲಿಯೋರನ್ನ ಕಂಡ್ರೆ ನಂಗೆ ಹೊಟ್ಟೆ ಉರಿಯುತ್ತೆ. ತೇಪೆ ಹಾಕೋವಾಗಲೂ ಅಷ್ಟೇ, ಹರಿದ ಜಾಗಕ್ಕೆ ಚೆನ್ನಾಗಿ ತೊಳೆದು ಮೆತ್ತಗಾದ ಹಳೇ ಬಟ್ಟೆನೇ ಹಾಕಿ, ಹೊಸ ಪಾಪ್ಲಿನ್ ಹಾಕಿದ್ರೆ ತೇಪೆ ಸುತ್ತ ಇನ್ನೊಂದು ಹರಕು ಗ್ಯಾರಂಟಿ.

ಜಾಗದ್ದೂ ಲೆಕ್ಕ ಐತೆ. ಕಾಲ್ದೆಸೆ ಹಿಮ್ಮಡಿ ಉಜ್ಜಿ ಉಜ್ಜಿ ಸವೆಯುತ್ತೆ, ಹಿಮ್ಮಡಿ ಒಡೆದಿದ್ರಂತೂ ಎಳೆ ಕಿತ್ಕೊಂಡು ಬರುತ್ತೆ. ತಲೆದೆಸೆ ಬೆವರು, ತಲೆಗೆ ಹಚ್ಚಿದ ಎಣ್ಣೆ. ನಡುವೆ ಮಡಚೋ ಗೆರೆ. ನಿಮ್ಮ ಹಳೇ ಕೌದಿ ಮಡಿಕೆ ಬಿಚ್ಚದೆ ಕಣ್ಣು ಮುಚ್ಚಿ ಮುಟ್ಟಿ ನೋಡಿ, ಮಡಚಿಟ್ಟ ಗೆರೆಗಳಲ್ಲಿ ಬಟ್ಟೆ ತೆಳ್ಳಗಾಗಿರೋದು ಬೆರಳಿಗೇ ಗೊತ್ತಾಗುತ್ತೆ. ಪ್ರತಿ ಸಲ ಬೇರೆ ಬೇರೆ ಕಡೆ ಮಡಚಬೇಕು, ಇದು ಯಾರೂ ಮಾಡಲ್ಲ.

ಹಾಸುಹೊಕ್ಕು (ದಾವಣಗೆರೆ)

ಮೇಡಂ, ನಾನು ಇಲ್ಲೇ ಬಾಪೂಜಿ ಇಂಜಿನಿಯರಿಂಗ್ ಕಾಲೇಜಲ್ಲಿ ಟೆಕ್ಸ್‌ಟೈಲ್ ಓದಿದೋನು, ಈಗ ಕೆಲಸ ಬೇರೆ ಊರಲ್ಲಿ. ದಾವಣಗೆರೆಗೆ ಕರ್ನಾಟಕದ ಮ್ಯಾಂಚೆಸ್ಟರ್ ಅಂತ ಹೆಸರಿದ್ದ ಕಾಲದ ಮಿಲ್ಲುಗಳು ಮುಚ್ಚಿ ಹೋದ್ರೂ ಊರಿನ ಟ್ರಂಕುಗಳಲ್ಲಿ ಆ ಬಟ್ಟೆ ಇನ್ನೂ ಇದೆ. ನಿಮ್ಮ ತುಂಡು ತುಂಡಿಗೂ ಒಂದೊಂದು ಕಾರಣ ಇದೆ, ಉದ್ದ ಆದ್ರೆ ಬೈಬೇಡಿ.

ಇಳಕಲ್ ಸೆರಗು ನೆಟ್ಟಗೆ ಗೆರೆ ಹೊಡೆದಂಗೆ ಹರಿದಿದೆ ಅಂದ್ರಲ್ಲ, ಆ ಗೆರೆ ಇರೋದು ಒಡಲಿಗೂ ಸೆರಗಿಗೂ ಜೋಡಿಸಿದ ಜಾಗದಲ್ಲಿ. ಇಳಕಲ್‌ನಲ್ಲಿ ಒಡಲಿನ ಹಾಸು (ಉದ್ದಕ್ಕೆ ಓಡೋ ಎಳೆಗಳು) ಬೇರೆ, ಸೆರಗಿನ ಹಾಸು ಬೇರೆ, ಎರಡನ್ನೂ ಎಳೆಗೆ ಎಳೆ ಕುಣಿಕೆ ಹಾಕಿ ಸೇರಿಸ್ತಾರೆ, ತೋಪು ತೆನಿ ಅನ್ನೋದು ಅದಕ್ಕೇ. ಒಡಲು ಕಾಟನ್, ಸೆರಗಿಗೆ ರೇಷ್ಮೆ, ಅಗ್ಗದ ಸೀರೆಗೆ ಆರ್ಟ್ ಸಿಲ್ಕು ಅಂದ್ರೆ ರೇಯಾನ್. ನಿಮ್ಮದು ರೇಯಾನ್ ಇದ್ದರೂ ಇರಬಹುದು, ಒಂದೆಳೆ ಕಿತ್ತು ಚಿಮಟದಲ್ಲಿ ಹಿಡಿದು ಬೆಂಕಿ ತೋರಿಸಿ ನೋಡಿ. ಕೂದಲು ಸುಟ್ಟ ವಾಸನೆ ಬಂದು ಕರೀ ಪುಡಿ ಆದ್ರೆ ರೇಷ್ಮೆ. ಕಾಗದ ಸುಟ್ಟ ವಾಸನೆ, ಬೂದಿ ಹಗುರ ಇದ್ರೆ ಕಾಟನ್ನೋ ರೇಯಾನೋ. ಕರಗಿ ಗಟ್ಟಿ ಮಣಿ ಆದ್ರೆ ಪಾಲಿಯೆಸ್ಟರ್ ಅಥವಾ ನೈಲಾನ್.

ಈಗ ಮುಖ್ಯ ವಿಷಯ. ಕಾಟನ್ ಒದ್ದೆಯಾದಾಗ ಶಕ್ತಿ ಕಳಕೊಳ್ಳಲ್ಲ, ಉಲ್ಟಾ ನೂರಕ್ಕೆ 10ರಿಂದ 20ರಷ್ಟು ಗಟ್ಟಿಯಾಗುತ್ತೆ. ಅದಕ್ಕೇ ಕಲ್ಲಿಗೆ ಬಡಿದ್ರೂ ಪಂಚೆ ತಡಕೊಂಡಿದ್ದು. ರೇಯಾನ್ ಹಂಗಲ್ಲ, ಒದ್ದೆಯಾದ ಕೂಡ್ಲೇ ಸುಮಾರು ಅರ್ಧ ಶಕ್ತಿ ಹೋಯ್ತು. ನಮ್ಮ ಹರಿಹರದ ಹೊಳೆ ಆಚೆ ಕುಮಾರಪಟ್ಟಣದಲ್ಲಿ ಮರದ ಪಲ್ಪಿನಿಂದ ತಯಾರಾಗೋದು ಇದೇ ಜಾತಿ ನಾರು, ವಿಸ್ಕೋಸ್. ಉಡೋಕೆ ಬಹಳ ಹಿತ, ಬೆವರು ಹೀರುತ್ತೆ, ಮಿಂಚುತ್ತೆ, ಕುರ್ತಿಗೆ ಸೂಪರ್. ಆದ್ರೆ ನೀರು ಕುಡಿದು ಭಾರವಾದ ಕೌದೀನ ಒಗೆಯೋ ಕಲ್ಲಿಗೆ ಹಾಕಿದಾಗ, ಆ ಹೊತ್ತಿನಲ್ಲೇ ಅದು ಅತಿ ದುರ್ಬಲ. ಒಂದೇ ಹೊಡೆತ ಕಾಟನ್ ತುಂಡಿಗೆ ಏನೂ ಮಾಡಲ್ಲ, ರೇಯಾನ್ ತುಂಡನ್ನ ಮುಗಿಸುತ್ತೆ. ಒಡಲು ಉಳಿದು ಸೆರಗು ಹೋಗಿದ್ದು ಹಿಂಗೆ. ರೇಷ್ಮೆ ಆಗಿದ್ರೂ ಒದ್ದೆಯಾದಾಗ ಸ್ವಲ್ಪ ಬಲ ಕಳಕೊಳ್ಳುತ್ತೆ, ಜೊತೆಗೆ ಸೋಡಾ ಸೋಪು ತಿನ್ನುತ್ತೆ.

ಖಣದ ಕಥೆ ಬೇರೆ, ಅದು ನೇಯ್ಗೆಯ ಸಮಸ್ಯೆ, ನಾರಿನದ್ದಲ್ಲ. ಚಿತ್ತಾರದ ಎಳೆಗಳು ನಾಲ್ಕಾರು ಎಳೆ ದಾಟಿ ಮೇಲ್ಮೇಲೆ ಓಡಿರ್ತವೆ, ಉಜ್ಜೋ ವಸ್ತು ಎಲ್ಲ ಮೊದಲು ಸಿಗೋದು ಅವಕ್ಕೇ. ಮೇಲಿದ್ದ ಎಳೆ ಹೋಯ್ತು, ಕೆಳಗಿನ ಸಾದಾ ನೇಯ್ಗೆ ಉಳೀತು. ಸ್ಯಾಟಿನ್ ಬಟ್ಟೇನೂ ಹಿಂಗೇ ಸವೆಯುತ್ತೆ. ಒಂದರ ಮೇಲೆ ಒಂದರ ಕೆಳಗೆ ಹೋಗೋ ಸಾದಾ ನೇಯ್ಗೆ ಕೌದಿಗೆ ಅತಿ ಒಳ್ಳೇದು.

ಟೆರಿಕಾಟ್ ಅಂದ್ರೆ ಸಾಮಾನ್ಯವಾಗಿ 67 ಭಾಗ ಪಾಲಿಯೆಸ್ಟರ್ 33 ಭಾಗ ಕಾಟನ್. ಪಾಲಿಯೆಸ್ಟರ್‌ಗೆ ನೀರಿನ ಪರಿವೆ ಇಲ್ಲ, ಕುಗ್ಗಲ್ಲ, ಬಣ್ಣ ಬಿಡಲ್ಲ. ಸುತ್ತ ಇರೋ ಕಾಟನ್ ತೊಳೆದಾಗ ಕುಗ್ಗುತ್ತೆ, ಇದು ಕುಗ್ಗಲ್ಲ, ಹೊಲಿಗೆ ಸುಕ್ಕಾಗಿ ಎಳೆದಾಡುತ್ತೆ. ಮೇಲಿನವರು ಹೇಳಿದ್ದಕ್ಕೆ ನನ್ನದೂ ಒಪ್ಪಿಗೆ ಇದೆ. ಆ ತುಂಡಿನ ಮೇಲೆ ಕೈಯಾಡಿಸಿ, ಸಣ್ಣ ಸಣ್ಣ ಉಂಡೆ ಎದ್ದಿರಬೇಕು. ಕಾಟನ್‌ನಲ್ಲೂ ಉಂಡೆ ಏಳುತ್ತೆ ಆದ್ರೆ ಉದುರಿ ಹೋಗುತ್ತೆ, ಇದರಲ್ಲಿ ಗಟ್ಟಿ ಪಾಲಿಯೆಸ್ಟರ್ ಎಳೆ ಉಂಡೆಯನ್ನ ಬಿಡದೆ ಹಿಡಕೊಂಡಿರುತ್ತೆ.

ಬೆಣ್ಣೆ ಜಾಸ್ತಿ ಹಾಕಿ

ಇಷ್ಟೆಲ್ಲ ಯಾಕ್ರೀ ತಲೆ ಕೆಡಿಸ್ಕೋತೀರಾ, ಆನ್‌ಲೈನಲ್ಲಿ ಮಿಂಕ್ ಬ್ಲಾಂಕೆಟ್ ಸಿಗುತ್ತೆ, ತಗೊಂಡು ಮಲಗಿ. ಅಲ್ಲಾ ದಾವಣಗೆರೇಲಿ ಚಳಿ ಎಷ್ಟು ದಿನ ಇರುತ್ತೆ ಅಂತ.

ಕೋಟೆ ಕೆಳಗಿನಾಕೆ (ಚಿತ್ರದುರ್ಗ)

ನಿಮ್ಮ ಮಿಂಕ್ ಬ್ಲಾಂಕೆಟ್ ಪೂರ್ತಿ ಪಾಲಿಯೆಸ್ಟರ್ ಅಣ್ಣಾರೆ, ಏಪ್ರಿಲ್‌ನಲ್ಲಿ ಹೊದ್ದು ನೋಡಿ, ಬೆವರು ಎಲ್ಲಿಗೆ ಹೋಗಬೇಕು ಪಾಪ. ಕೌದಿ ಬೇಸಿಗೇಲಿ ಹಾಸೋಕೂ ಆಗುತ್ತೆ.

ನಿಟ್ಟುವಳ್ಳಿ ಸೊಸೆ (ದಾವಣಗೆರೆ)

ಅಣ್ಣಾರೆ ಎಷ್ಟು ಚಂದ ಬಿಡಿಸಿ ಹೇಳಿದ್ರಿ. ಬೆಂಕಿ ತೋರಿಸಿ ನೋಡಿದೆ, ಸೆರಗಿನ ಎಳೆ ಕಾಗದ ಸುಟ್ಟ ವಾಸನೆನೇ ಬಂತು, ರೇಷ್ಮೆ ಅಲ್ಲ. ನಮ್ಮತ್ತೆಗೆ ಹೇಳಿದ್ರೆ ಒಪ್ಪವಲ್ರು, ನಮ್ಮವ್ವ ರೇಷ್ಮೆ ಸೆರಗಿನ ಸೀರೆನೇ ಉಡ್ತಿದ್ದಿದ್ದು ಅಂತಾರೆ 😀 ಆ ವಾದಕ್ಕೆ ನಾನು ಹೋಗಲ್ಲ.

ಟೆರಿಕಾಟ್ ಮೇಲೆ ಉಂಡೆ ಹೌದು ಐತಿ. ಇನ್ನೊಂದು, ಆ ತುಂಡು ತೊಳೆದ ಮೇಲೂ ಒಂಥರಾ ಎಣ್ಣೆ ಕಮಟು ವಾಸನೆ ಬರ್ತೈತಿ, ಪಕ್ಕದ ಪಂಚೆ ಬರಲ್ಲ.

ಕರೀ ಲಂಗದ ಬಗ್ಗೆ ಯಾರೂ ಹೇಳಲಿಲ್ಲ. ಅದೂ ಕಾಟನ್ನೇ, ಸುಟ್ಟು ನೋಡಿದೆ. ಹಂಗಾದ್ರೆ ಯಾಕೆ ಮುರಿತೈತಿ? ಅದಕ್ಕೂ ಮೇಲೆ ಆ ಲಂಗದ ಇನ್ನೊಂದು ತುಂಡು ಕೌದಿಗೆ ಹೊಲಿಯದೆ ಟ್ರಂಕಿನಾಗ ಹಂಗೇ ಇತ್ತು, ಯಾರೂ ಬಳಸಿಲ್ಲ, ಅದೂ ಮುರಿತೈತಿ.

ಹಾಸುಹೊಕ್ಕು (ದಾವಣಗೆರೆ)

ಟ್ರಂಕಲ್ಲಿದ್ದ ತುಂಡೂ ಮುರಿತು ಅಂದ್ರಲ್ಲ, ಅದೇ ಬೇಕಿತ್ತು ನನಗೆ. ಬಳಕೆಯಿಂದ ಹೋಗಿದ್ದಲ್ಲ, ಬಣ್ಣ ತಿಂದಿದ್ದು. ಕಾಟನ್‌ಗೆ ಅಗ್ಗದಲ್ಲಿ ಗಾಢ ಕಪ್ಪು ಬರಬೇಕು ಅಂದ್ರೆ ಸಲ್ಫರ್ ಬ್ಲ್ಯಾಕ್ ಅನ್ನೋ ಬಣ್ಣ, ಲಂಗ, ಛತ್ರಿ ಬಟ್ಟೆ, ಪ್ಯಾಂಟಿನ ಜೇಬಿನ ಬಟ್ಟೆ ಎಲ್ಲದಕ್ಕೂ ಅದೇ. ಒಗೆದ್ರೆ ಸುಲಭಕ್ಕೆ ಹೋಗಲ್ಲ. ಆದ್ರೆ ಅದರೊಳಗೆ ಗಂಧಕ ಇರುತ್ತೆ, ತೇವ ಮತ್ತು ಸೆಕೆ ಇರೋ ಜಾಗದಲ್ಲಿ ವರ್ಷಾನುಗಟ್ಟಲೆ ಇಟ್ಟರೆ ಆ ಗಂಧಕ ಗಾಳಿ ಜೊತೆ ಸೇರಿ ನಿಧಾನಕ್ಕೆ ಗಂಧಕಾಮ್ಲ ಆಗುತ್ತೆ. ಆಮ್ಲ ಕಾಟನ್‌ಗೆ ದೊಡ್ಡ ಶತ್ರು. ಎಳೆ ಸವೆಯಲ್ಲ, ದಪ್ಪ ಕಡಿಮೆ ಆಗಲ್ಲ, ಒಳಗಿಂದಲೇ ತುಂಡು ತುಂಡಾಗುತ್ತೆ. ನೋಡೋಕೆ ಗಟ್ಟಿ, ಮುಟ್ಟಿದ್ರೆ ಪುಡಿ. ಬಿಚ್ಚಿ ತೆಗೆದು ಬಿಡಿ, ಅದಕ್ಕೆ ಔಷಧಿ ಇಲ್ಲ.

ಇದೇ ರೀತಿ ಹಳೇ ಕಾಲದ ಅಚ್ಚಿನ ಬಟ್ಟೆಗಳಲ್ಲೂ ನೋಡಬಹುದು, ಕಬ್ಬಿಣದ ತುಕ್ಕಿಂದ ಮಾಡಿದ ಕಪ್ಪು ಗೆರೆ ಇರೋ ಕಡೆ ಮಾತ್ರ ಬಟ್ಟೆ ತೂತಾಗಿರುತ್ತೆ, ಹೂವಿನ ಕೆಂಪು ಹಂಗೇ ಇರುತ್ತೆ. ಅಲ್ಲಿ ಕಬ್ಬಿಣದ್ದು ಕೆಲಸ, ಇಲ್ಲಿ ಗಂಧಕದ್ದು. ಇನ್ನು ಕಿಟಕಿ ಪರದೆ ಬಟ್ಟೆ ಕೌದಿಗೆ ಹಾಕೋರು ಹಳದಿ, ಕಿತ್ತಳೆ ಪರದೆ ಇದ್ರೆ ಎಳೆದು ನೋಡಿ ಹಾಕಿ. ಕಾಟನ್‌ಗೆ ಹಾಕೋ ವ್ಯಾಟ್ ಅನ್ನೋ ಜಾತಿ ಬಣ್ಣಗಳಲ್ಲಿ ಕೆಲವು ಹಳದಿ, ಕಿತ್ತಳೆ ಬಿಸಿಲಿಗೆ ಬಿದ್ದಾಗ ತಾವು ಮಾಸಲ್ಲ, ಬಟ್ಟೆಯನ್ನ ಹಾಳು ಮಾಡ್ತವೆ. ಬಣ್ಣ ಹೊಳೀತಿದೆ ಅಂತ ಬಟ್ಟೆ ಚೆನ್ನಾಗಿದೆ ಅಂದ್ಕೋಬೇಡಿ ಅಂತ.

ಕಮಟು ವಾಸನೆ ಸರಿಯಾಗೇ ಗಮನಿಸಿದ್ದೀರಿ. ಪಾಲಿಯೆಸ್ಟರ್ ನೀರು ಕುಡಿಯಲ್ಲ, ಎಣ್ಣೆಯನ್ನ ಮಾತ್ರ ಬಿಡಲ್ಲ, ತಲೆ ಎಣ್ಣೆ, ಮೈ ಜಿಡ್ಡು ಹಿಡಕೊಂಡು ಕೂರುತ್ತೆ. ಹಂಗಾಗಿ ತಲೆದೆಸೆಗೆ ಟೆರಿಕಾಟ್ ಬೇಡ.

ಮೊಳಕಾಲ್ಮೂರು ಮಗ್ಗ

ರೇಷ್ಮೆಗೆ ಇಲ್ಲಿ ಅನ್ಯಾಯ ಆಗ್ತಾ ಐತೆ, ಒಂದು ಮಾತು ಹೇಳಲೇಬೇಕು. ನಮ್ಮನೇಲಿ ಮಗ್ಗ ಇತ್ತು, ಮೊಳಕಾಲ್ಮೂರು ರೇಷ್ಮೆ ಸೀರೆ ಒಡಲಿನ ತುಂಡುಗಳು ನಮ್ಮ ಕೌದೀಲಿ ಇನ್ನೂ ಅವೆ, ಅಂಚಿನ ಕಡೆ ಮಾತ್ರ ಹೋಗೈತೆ. ಯಾಕಂದ್ರೆ ಅಂಚಲ್ಲಿ ಜರಿ. ಜರಿ ಅಂದ್ರೆ ಎಳೆ ಮೇಲೆ ಲೋಹದ ತಗಡು ಸುತ್ತಿರೋದು, ಮಡಚಿ ಬಿಚ್ಚಿ ಮಡಚಿ ಬಿಚ್ಚಿ ಮಾಡಿದ್ರೆ ತಗಡು ತುಂಡಾಗಿ ತುದಿ ಚೂಪಾಗಿ ಪಕ್ಕದ ರೇಷ್ಮೆ ಎಳೆಯನ್ನ ಕತ್ತರಿಸುತ್ತೆ. ಟೆಸ್ಟೆಡ್ ಜರಿ ಅಂದ್ರೆ ಅಸಲಿ ಬೆಳ್ಳಿ ಜರಿ ಅಲ್ಲ, ತಾಮ್ರದ್ದು, ಬೆವರಿಗೆ ಕಪ್ಪಾಗುತ್ತೆ ಬೇರೆ, ಮಕ್ಕಳ ಮೈಗೆ ಚುಚ್ಚುತ್ತೆ. ಹಂಗಾಗಿ ರೇಷ್ಮೆ ಹಾಕಿ, ಜರಿ ಅಂಚು ಕತ್ತರಿಸಿ ಬೇರೆ ಇಡಿ, ಬಾಗಿಲಿಗೆ ತೋರಣ ಮಾಡ್ಕೊಳ್ಳಿ.

ಆದ್ರೆ ರೇಷ್ಮೆ ಹಾಕಿದ ಮೇಲೆ ಆ ಕೌದಿಗೆ ಸೋಡಾ, ಬ್ಲೀಚಿಂಗು ತೋರಿಸಬಾರದು. ರೇಷ್ಮೆ, ಉಣ್ಣೆ ಎರಡೂ ನಮ್ಮ ಕೂದಲಿನ ಜಾತಿ, ಪ್ರೋಟೀನು, ಬಿಳಿ ಬಟ್ಟೆಗೆ ಹಾಕೋ ಬ್ಲೀಚಲ್ಲಿ ಇಟ್ಟರೆ ಕರಗೇ ಹೋಗ್ತವೆ. ಅಂಟುವಾಳಕಾಯಿ ನೊರೆ ಸಾಕು. ಸೀಗೆಕಾಯಿ ಬೇಡ, ತಿಳಿ ಬಣ್ಣಕ್ಕೆ ಕಲೆ ಕೂರುತ್ತೆ. ಬಿಸಿಲಿಗೂ ರೇಷ್ಮೆ ತಡೆಯಲ್ಲ, ಹಳದಿ ತಿರುಗಿ ಆಮೇಲೆ ಪಿಸಿಯುತ್ತೆ.

ಹಾಸುಹೊಕ್ಕು (ದಾವಣಗೆರೆ)

ಒಪ್ಪಿದೆ. ಆದ್ರೆ ದಿನಾ ಹೊದೆಯೋ ಕೌದಿಗೆ ರೇಷ್ಮೆ ಬೇಡ ಅನ್ನೋದೇ ನನ್ನ ಅಭಿಪ್ರಾಯ, ಬೆವರೂ ಅದಕ್ಕೆ ಆಗಲ್ಲ. ತಮಾಷೆ ಅಂದ್ರೆ ಮೇಲೆ ಹೇಳಿದ ಕರೀ ಬಟ್ಟೆಯಲ್ಲಿ ಹುಟ್ಟೋ ಆಮ್ಲ ಸಾಯಬೇಕು ಅಂದ್ರೆ ಆಗಾಗ ಸ್ವಲ್ಪ ಸೋಡಾ ನೀರಲ್ಲಿ ಒಗೆದು ಚೆನ್ನಾಗಿ ಒಣಗಿಸಬೇಕು, ರೇಷ್ಮೆ ಉಳೀಬೇಕು ಅಂದ್ರೆ ಸೋಡಾ ಮುಟ್ಟಿಸಬಾರದು. ಎರಡೂ ಒಂದೇ ಕೌದೀಲಿ ಇದ್ರೆ ಯಾರನ್ನ ಉಳಿಸ್ತೀರಾ?

ಚಳ್ಳಕೆರೆ ಕಂಬಳಿ

ಕೌದಿ ಒಳಗೆ ಹಳೇ ಕಂಬಳಿ ತುಂಡು ಹಾಕೋ ಪದ್ಧತಿ ನಮ್ ಕಡೆ ಐತೆ, ಬೆಚ್ಚಗಿರಲಿ ಅಂತ. ಕುರುಬರ ಮಗ್ಗದ ಕಂಬಳಿ, ಹುಣಸೆ ಬೀಜದ ಗಂಜಿ ಹಾಕಿ ನೇಯ್ದಿರೋದು, ಹೊಸದು ಬಿರುಸು, ಹೊದ್ದು ಹೊದ್ದು ಹದಕ್ಕೆ ಬರುತ್ತೆ. ಒಳಗೆ ಹಾಕಿದ್ರೆ ಚೆನ್ನಾಗೇ ಇರುತ್ತೆ, ಬಿಸಿನೀರಿಗೆ ಹಾಕಿ ತಿಕ್ಕಬಾರದು ಅಷ್ಟೆ. ಉಣ್ಣೆ ಬಿಸಿನೀರು, ಸೋಪು, ತಿಕ್ಕಾಟ ಮೂರೂ ಒಟ್ಟಿಗೆ ಸಿಕ್ಕಿದ್ರೆ ಒಂದಕ್ಕೊಂದು ಹೆಣೆದುಕೊಂಡು ಕುಗ್ಗುತ್ತೆ, ಮೇಲಿನ ಸೀರೆ ಕುಗ್ಗಲ್ಲ, ಕೌದಿ ಅಲ್ಲಲ್ಲಿ ಗುಬ್ಬಳಿಸಿ ಬಿಡುತ್ತೆ. ನಮ್ಮತ್ತಿಗೆ ವಾಷಿಂಗ್ ಮಿಷನ್‌ಗೆ ಹಾಕಿ ತೆಗೆದಿದ್ದು ನೋಡಿದೀನಿ, ಅದು ಮತ್ತೆ ಚಪ್ಪಟೆ ಆಗ್ಲೇ ಇಲ್ಲ. ಮತ್ತೆ ನುಸಿ ನೋಡ್ಕೊಳ್ಳಿ, ಕಾಟನ್ ಬಿಟ್ಟು ಕಂಬಳೀನೇ ಹುಡುಕಿ ತಿನ್ನುತ್ತೆ, ಮೇಲಿಂದ ಗೊತ್ತಾಗಲ್ಲ, ಒಳಗೆ ಟೊಳ್ಳಾಗಿರುತ್ತೆ.

ಎಲ್ಲಾ ಒಂದೇ ಜಿಲ್ಲೆ ಆಗಿತ್ತು ಬಿಡಿ 1997ರ ತನಕ, ಕೌದಿ ವಿಷಯದಲ್ಲಾದ್ರೂ ದುರ್ಗದೋರು ದಾವಣಗೆರೆಯೋರು ಜಗಳ ಆಡ್ತಿಲ್ಲ ಅಂತ ಸಂತೋಷ 😂

ಹೊಳೆದಂಡೆ (ಹರಿಹರ)

ತೊಳೆಯೋದರ ಬಗ್ಗೆ ನಾನು ಹೇಳ್ತೀನಿ, ಕೌದಿ ಅರ್ಧ ಸಾಯೋದು ತೊಳೆಯೋ ದಿನವೇ. ಮೊದಲೆಲ್ಲ ಮಹಾನವಮಿಗೆ ಮುಂಚೆ ಮನೆ ಹಾಸಿಗೆ ಹೊದಿಕೆ ಎಲ್ಲ ಗಾಡೀಲಿ ಹೇರ್ಕೊಂಡು ಹೊಳೆಗೋ ಭದ್ರಾ ನಾಲೆಗೋ ಹೋಗ್ತಿದ್ವಿ, ಇಬ್ಬರು ಆ ಕಡೆ ಇಬ್ಬರು ಈ ಕಡೆ ನಿಂತು ಕೌದಿ ಹಿಂಡೋದು. ಹಿಂಡೋದು ಅಂದ್ರೆ ತಿರುಚೋದು, ಮೇಲೆ ಹಾಸುಹೊಕ್ಕು ಅವರು ಹೇಳಿದ ರೇಯಾನ್ ಅಲ್ಲೇ ಸತ್ತಿರೋದು ಅಂತ ನನಗೆ ಈಗ ಅನ್ನಿಸ್ತಿದೆ. ಹಿಂಡಬೇಡಿ. ಸುರುಳಿ ಸುತ್ತಿ ಕಲ್ಲಿನ ಮೇಲೆ ಇಟ್ಟು ಕಾಲಲ್ಲಿ ತುಳಿದ್ರೆ ನೀರೆಲ್ಲ ಇಳಿದು ಹೋಗುತ್ತೆ.

ತಂತಿ ಮೇಲೆ ನೇತು ಹಾಕೋದೂ ತಪ್ಪು. ಒದ್ದೆ ಕೌದಿ ತೂಕ ಪೂರ್ತಿ ತಂತಿ ತಾಗೋ ಗೆರೆ ಮೇಲೆ ಬಿದ್ದು ಅಲ್ಲಿ ದಾರ ಪಟಪಟ ಕಿತ್ತು ಹೋಗುತ್ತೆ. ಹಗ್ಗದ ಮಂಚ ಇದ್ರೆ ಅದರ ಮೇಲೆ ಹರಡಿ, ಗಾಳಿ ಕೆಳಗಿಂದಲೂ ಆಡುತ್ತೆ, ಇಲ್ಲಾಂದ್ರೆ ಟೆರೇಸ್ ಮೇಲೆ ಹಳೇ ಜಮಖಾನ ಹಾಸಿ ಅಡಿ ಮಗ್ಗುಲು ಮೇಲೆ ಮಾಡಿ ಹಾಕಿ. ಬೆಳಿಗ್ಗೆ ಬಿಸಿಲು ಸಾಕು. ಮಧ್ಯಾಹ್ನದ ಬಿಸಿಲಿಗೆ ದಿನಗಟ್ಟಲೆ ಬಿಟ್ಟರೆ ಬಣ್ಣ ಹೋಗೋದಿರಲಿ ಬಟ್ಟೆನೇ ಹೋಗುತ್ತೆ, ಹಳೇ ನೈಲಾನ್ ಸೀರೆ ಇದ್ರೆ ಮೊದಲು ಅದೇ ಹೋಗೋದು.

ಮಿಷನ್‌ಗೆ ಹಾಕೋರು, 7 ಕೆಜಿ ಅಂತ ಬರೆದಿರೋದು ಒಣ ಬಟ್ಟೆ ತೂಕ, ತುಂಬಿ ತುರುಕಿದ್ರೆ ನೀರು ಓಡಾಡೋಕೇ ಜಾಗ ಇರಲ್ಲ. ಇನ್ನೊಂದು, ದಾವಣಗೆರೆ ಕಡೆ ಬೋರ್ ನೀರು ಗಡಸು, ಬಾರ್ ಸೋಪು ಹಾಕಿದ್ರೆ ನೊರೆ ಬರಲ್ಲ, ಬಿಳೀ ಗಸಿ ಬಟ್ಟೇಲಿ ಕೂತು ಕೌದಿ ಬಿರುಸಾಗುತ್ತೆ, ಬಿಳಿ ತುಂಡು ಬೂದಿ ಬಣ್ಣಕ್ಕೆ ತಿರುಗುತ್ತೆ, ಆ ಗಸಿ ಎಳೆ ಎಳೆ ಉಜ್ಜಾಡೋಕೂ ಕಾರಣ. ಕೊನೇ ನೀರಾದ್ರೂ ನಲ್ಲಿ ನೀರೋ ಮಳೆ ನೀರೋ ಇರಲಿ. ಮಗುವಿನ ಕೌದಿಯಾದ್ರೆ ಉಚ್ಚೆ ಹೊಯ್ದ ದಿನವೇ ನೀರಿಗೆ ಹಾಕಿ ತೆಗೀರಿ, ಬರೀ ಬಿಸಿಲಿಗೆ ಒಣಗಿಸಿ ಮತ್ತೆ ಹಾಸೋದು ಬೇಡ.

ನಿಟ್ಟುವಳ್ಳಿ ಸೊಸೆ (ದಾವಣಗೆರೆ)

ಇಷ್ಟು ಜನ ಇಷ್ಟು ವಿಷಯ, ಕೈ ಮುಗಿದೆ. ಹಳೇದರಲ್ಲಿ ಕರೀ ತುಂಡು ಬಿಚ್ಚಿದೆ, ಒಳಗೆ ಏನು ಸಿಕ್ತು ಗೊತ್ತಾ, ಬಿಳೀ ಲಾಂಗ್‌ಕ್ಲಾತ್, ಎಷ್ಟು ಮೆತ್ತಗೆ ಅಂದ್ರೆ! ಮೇಲಿನ ತುಂಡೆಲ್ಲ ಹರಿದ್ರೂ ಒಳಗಿನ ಪದರಕ್ಕೆ ಏನೂ ಆಗಿಲ್ಲ. ಬಣ್ಣ ಮಾತ್ರ ಅಲ್ಲಲ್ಲಿ ಕೆಂಪು ಇಳಿದೈತಿ, ಖಣದ ತುಂಡಿನ ಕೆಳಗೆ.

ಹೊಸದಕ್ಕೆ ಬರೋಣ. ಜೀನ್ಸು, ಟೀ ಷರ್ಟು ಎರಡೂ ಹಾಕಬಹುದಾ? ದಾರ ಯಾವುದು ತರಲಿ? ಅಂಗಡಿಯೋರು ನೈಲಾನ್ ದಾರ ತಗೊಳ್ಳಿ ಜನ್ಮಕ್ಕೂ ಕಿತ್ತು ಬರಲ್ಲ ಅಂತಾರೆ.

ಕೋಟೆ ಕೆಳಗಿನಾಕೆ (ಚಿತ್ರದುರ್ಗ)

ಒಳಪದರ ಉಳಿಯುತ್ತೆ ಅಕ್ಕಾರೆ, ಅದಕ್ಕೆ ಬಿಸಿಲಿಲ್ಲ, ಉಜ್ಜಾಟ ಇಲ್ಲ. ಅದಕ್ಕೇ ಒಳಗೆ ಚೂರು ಚೂರು ಹಾಕಬೇಡಿ, ಒಂದೋ ಎರಡೋ ಅಖಂಡ ಪಂಚೆ ಅಥವಾ ಸೀರೆ ಒಡಲು ಹಾಸಿ, ಮೇಲಿನ ತುಂಡು ಹೋದ್ರೆ ಬಿಚ್ಚಿ ಬೇರೆ ಹಾಕೋಕೆ ಆಧಾರ ಇರುತ್ತೆ. ಅಡಿ ಪದರಕ್ಕೆ ನಿಮ್ಮಮ್ಮನ ಸೀರೆಗಳಲ್ಲಿ ಅತಿ ಹೆಚ್ಚು ಉಟ್ಟ ಕಾಟನ್ ಸೀರೆ, ಕುಗ್ಗೋದು ಬಣ್ಣ ಬಿಡೋದು ಎಲ್ಲ ಮುಗಿಸಿರೋದು. ಕೆಂಪು, ಮರೂನ್ ತುಂಡು ಇದ್ರೆ ಬಿಳೀ ಬಟ್ಟೆ ಒದ್ದೆ ಮಾಡಿ ಉಜ್ಜಿ ನೋಡಿ, ಬಣ್ಣ ಹತ್ತಿದ್ರೆ ಉಪ್ಪು ಗಿಪ್ಪು ಅಂತ ಕೂರಬೇಡಿ, ಬಣ್ಣ ಬಿಡೋದು ನಿಲ್ಲೋ ತನಕ ಬೇರೆ ಬೇರೆ ಒಗೆದು ಆಮೇಲೆ ಹೊಲಿಯಿರಿ.

ಟೀ ಷರ್ಟು ಮೇಲೆ ಬೇಡ. ಅದು ಹೆಣಿಗೆ ಬಟ್ಟೆ, ಜಗ್ಗುತ್ತೆ, ಒಂದು ಎಳೆ ಕಿತ್ರೆ ತೂತು ಓಡ್ತಾ ಹೋಗುತ್ತೆ, ಲೈಕ್ರಾ (ರಬ್ಬರಿನಂಗೆ ಹಿಗ್ಗೋ ಎಳೆ) ಇದ್ರೆ ಸ್ವಲ್ಪ ವರ್ಷಕ್ಕೆ ಸತ್ತು ಜೋಲು ಬೀಳುತ್ತೆ. ಒಳಗೆ ಬೇಕಿದ್ರೆ ಹಾಕಿ ಬೆಚ್ಚಗಿರುತ್ತೆ. ಹುಡುಗರಿಗೆ ಅವರ ಚಿತ್ರ ಕಾಣಲೇಬೇಕು ಅಂತ ಹಟ ಇದ್ರೆ ಹಿಂದೆ ಒಂದು ಪಂಚೆ ತುಂಡು ಕೊಟ್ಟು ಸೇರಿಸಿ ಹೊಲಿಯಿರಿ. ಜೀನ್ಸ್ ಕಾಲ್ದೆಸೆಗೆ, ಬರೀ ಕಾಲ್ದೆಸೆಗೆ, ಸಾಲಾಗಿ ಜೀನ್ಸ್ ಪಕ್ಕ ಜೀನ್ಸೇ. ಅದಕ್ಕೂ ಮೇಲಿನ ಸೀರೆಗೂ ನಡುವೆ ಹಳೇ ಷರ್ಟಿನದ್ದೋ ಬೆಡ್‌ಶೀಟಿಂದೋ ಒಂದು ಸಾಲು ಬರಲಿ, ಏಕಾಏಕಿ ದಪ್ಪದಿಂದ ತೆಳ್ಳಗಿನದಕ್ಕೆ ಹಾರಬಾರದು. ಮಡಚಿದ ಹೊಲಿಗೆ, ಜೇಬು ಎಲ್ಲ ಕತ್ತರಿಸಿ ತೆಗೀರಿ, ಸೂಜಿ ಇಳಿಯಲ್ಲ.

ಹಾಸುಹೊಕ್ಕು (ದಾವಣಗೆರೆ)

ಜೀನ್ಸ್ ಬಗ್ಗೆ ಒಂದು ಸೇರಿಸ್ತೀನಿ, ನೀಲಿ ಬಣ್ಣ ಎಳೆಯ ಹೊರಗೆ ಮಾತ್ರ ಹತ್ತಿರುತ್ತೆ, ಒಳಗೆ ಎಳೆ ಬಿಳೀನೇ. ಉಜ್ಜಿದಂಗೆ ಬಿಳಿ ಆಗೋದು ಅದಕ್ಕೇ, ಉಜ್ಜಿ ಹೋದ ನೀಲಿ ಪಕ್ಕದ ಬಿಳೀ ತುಂಡಿಗೆ ಮೆತ್ತುತ್ತೆ. ಮಾಸಿದ ಹಳೇ ಜೀನ್ಸ್ ಆದ್ರೆ ಆ ಕಾಟ ಕಡಿಮೆ.

ದಾರ ಕಾಟನ್ನೇ ತಗೊಳ್ಳಿ ಮೇಡಂ. ಅಂಗಡಿಯೋರು ಹೇಳೋದು ನಿಜ, ನೈಲಾನ್ ದಾರ ಕಿತ್ತು ಬರಲ್ಲ, ಆದ್ರೆ ಕಿತ್ತು ಬರದೆ ಇರೋದೇ ತೊಂದರೆ. ಎಳೆತ ಬಿದ್ದಾಗ ದಾರ ತುಂಡಾದ್ರೆ ಸಂಜೆ ಕೂತು ಮತ್ತೆ ಹೊಲಿಬಹುದು, ದಾರ ಗಟ್ಟಿ ನಿಂತು ಬಟ್ಟೆ ಕೊಯ್ದರೆ ಏನು ಮಾಡ್ತೀರಾ? ಪಾಲಿಯೆಸ್ಟರ್ ದಾರಾನೂ ಹಳೇ ಸೀರೆಗೆ ಗಟ್ಟಿನೇ ಆಯ್ತು. ಎರಡೆಳೆ ಕಾಟನ್ ದಾರ, ಮೇಲೆ ಸ್ವಲ್ಪ ಜೇನುಮೇಣ ಸವರಿ, ಸಿಕ್ಕಾಗಲ್ಲ. ಹೊಲಿಗೆ ಸಾಲು ಬೆರಳಗಲ ಅಂತರದಲ್ಲಿ ಇರಲಿ, ದೂರ ದೂರ ಹಾಕಿದ್ರೆ ಪದರಗಳು ಒಂದರ ಮೇಲೊಂದು ಜಾರಾಡಿ ಉಜ್ಜಿಕೊಳ್ತವೆ. ತೀರಾ ಹತ್ತಿರ ಹಾಕಿದ್ರೆ ಸೂಜಿ ತೂತೇ ಜಾಸ್ತಿಯಾಗಿ ಮೆದು ಬಟ್ಟೆ ಪಿಸಿಯುತ್ತೆ.

ಕೋಟೆ ಕೆಳಗಿನಾಕೆ (ಚಿತ್ರದುರ್ಗ)

ಮತ್ತೆ ಅಂಚಿಂದ ಶುರು ಮಾಡಿ ಸುತ್ತಾ ಒಳಕ್ಕೆ ಹೊಲಿತಾ ಬನ್ನಿ, ಯಲ್ಲಾಪುರ ಹಳಿಯಾಳ ಕಡೆ ಸಿದ್ದಿ ಜನಾಂಗದ ಹೆಂಗಸರೂ ಕವಂದಿ (ಅವರ ಕೌದಿ) ಹಂಗೇ ಹೊಲಿಯೋದು. ಕೈಯಲ್ಲಿ ಹಿಡಿದು ಎಳೆಯೋ ಅಂಚಿಗೆ ಎರಡು ಪದರ ಪಟ್ಟಿ ಕೊಡಿ, ನಾಲ್ಕು ಮೂಲೆಗೂ ತ್ರಿಕೋನದ ತುಂಡು ಹಾಕಿದ್ರೆ ಮೂಲೆ ಬೇಗ ಪಿಸಿಯಲ್ಲ.

ನಿಟ್ಟುವಳ್ಳಿ ಸೊಸೆ (ದಾವಣಗೆರೆ)

ಸರಿ, ಜರಿ ಸೀರೆ ಎರಡು ಗಂಟಿನಿಂದ ಹೊರಗೆ ತೆಗೆದೆ, ಟೀ ಷರ್ಟು ಒಳಕ್ಕೆ. ಮಗನಿಗೆ ಇನ್ನೂ ಹೇಳಿಲ್ಲ. ಕಾಟನ್ ದಾರ ಕೇಳಿದ್ರೆ ಅಂಗಡಿಯೋರು ಕೊಡೋದು ನಿಜವಾಗ್ಲೂ ಕಾಟನ್ನೇ ಅಂತ ಹೆಂಗೆ ತಿಳಿಯೋದು, ರೀಲ್ ಮೇಲೆ ಏನೂ ಬರೆದಿಲ್ಲ.

ಹಾಸುಹೊಕ್ಕು (ದಾವಣಗೆರೆ)

ಅದಕ್ಕೂ ಬೆಂಕಿನೇ. ಒಂದು ಗೇಣು ಎಳೆದು ತುದಿ ಹಚ್ಚಿ, ಮಣಿ ಕಟ್ಟಿದ್ರೆ ವಾಪಸ್ ಕೊಟ್ಟು ಬನ್ನಿ.